ಪಿತ್ತಕೋಶದ ಪಾಲಿಪ್ ಮತ್ತು ಅನರ್ಥದಂಡವ್ರತ: ಒಂದು ಜಿಜ್ಞಾಸೆ

ರೋಗವು ವೇದನೆಯ ಮೂಲಕವೇ ತನ್ನ ಇರವನ್ನು ಸಾರುತ್ತದೆ ಎಂಬ ತಿಳಿವಳಿಕೆಯ ಮೇಲೆ ನಮ್ಮ ಪೂರ್ವಿಕರ ವೈದ್ಯವೂ ನೀತಿಯೂ ನಿಂತಿದ್ದವು. ಹೊಟ್ಟೆ ನೊಂದರೆ ವೈದ್ಯನಲ್ಲಿಗೆ ಹೋಗುವುದು, ಆತನು ನಾಡಿ ಹಿಡಿದು ಪಥ್ಯ ಹೇಳುವುದು, ನೋವು ಹೋದರೆ ರೋಗ ಹೋಯಿತೆಂದು ತಿಳಿಯುವುದು, ಇಷ್ಟೇ ಕ್ರಮ. ಆರ್ತಧ್ಯಾನದ ನಾಲ್ಕು ಭೇದಗಳನ್ನು ಹೇಳುವಾಗ ಉಮಾಸ್ವಾಮಿಗಳು ವೇದನೆಯನ್ನು ಒಂದಾಗಿ ಎಣಿಸಿದ್ದಾರೆ. ನೋವು ಬಂದಾಗ ಮನಸ್ಸು ಅದರಲ್ಲಿಯೇ ಮುಳುಗುತ್ತದೆ ಎಂಬುದು ಅವರಿಗೆ ತಿಳಿದಿತ್ತು. ಆದರೆ ನೋವೇ ಇಲ್ಲದೆ, ಉಂಡು ತಿಂದು ಅಂಗಡಿಯಲ್ಲಿ ಕುಳಿತ ಮನುಷ್ಯನ ಕೈಗೆ ಒಂದು ಕಾಗದ ಬಂದು, ‘ನಿನ್ನೊಳಗೆ ಇಂಥದೊಂದು ಇದೆ’ ಎಂದು ಹೇಳುವ ಸ್ಥಿತಿ ನಮ್ಮ ಕಾಲದ್ದು. ಅನುಭವಕ್ಕೆ ಬಾರದ, ಕಣ್ಣಿಗೆ ಮಾತ್ರ ಕಂಡ ದೋಷ ಅದು. ಅದನ್ನು ಕಂಡ ಮೇಲೆ ಶ್ರಾವಕನ ಕರ್ತವ್ಯವೇನು? ತೆಗೆಸಿಬಿಡಬೇಕೆ? ಕಾಯಬೇಕೆ? ಕಾಗದವನ್ನು ಪೆಟ್ಟಿಗೆಯಲ್ಲಿಟ್ಟು ಮರೆಯಬೇಕೆ? ಇದು ಕೇವಲ ವೈದ್ಯಕೀಯ ಪ್ರಶ್ನೆಯೆಂದು ಮೊದಲಿಗೆ ತೋರಬಹುದು. ಸ್ವಲ್ಪ ವಿಚಾರಿಸಿದರೆ ಇದು ಅಹಿಂಸೆ, ಅಪ್ರಮಾದ ಮತ್ತು ಸತ್ಯ ಈ ಮೂರರ ಪ್ರಶ್ನೆಯೂ ಹೌದೆಂದು ತಿಳಿಯುತ್ತದೆ.

ಉದಾಹರಣೆಗೆ ಪಿತ್ತಕೋಶದ ಪಾಲಿಪ್ ಎಂಬುದನ್ನೇ ತೆಗೆದುಕೊಳ್ಳೋಣ. ಯಕೃತ್ತಿನ ಅಡಿಯಲ್ಲಿ ಅಂಟಿಕೊಂಡಿರುವ ಸಣ್ಣ ಚೀಲ ಪಿತ್ತಕೋಶ. ಯಕೃತ್ತು ತಯಾರಿಸಿದ ಪಿತ್ತರಸವನ್ನು ಕೂಡಿಟ್ಟುಕೊಂಡು, ಜಿಡ್ಡಿನ ಆಹಾರ ಬಂದಾಗ ಕರುಳಿಗೆ ಬಿಡುವುದು ಅದರ ಕೆಲಸ. ಈ ಚೀಲದ ಒಳಗೋಡೆಯಿಂದ ಮೊಗ್ಗಿನಂತೆ ಎದ್ದು ನಿಂತ ಪುಟ್ಟ ಬೆಳವಣಿಗೆಗೆ ಪಾಲಿಪ್ ಎನ್ನುತ್ತಾರೆ. ಹರಳು ಬೇರೆ, ಇದು ಬೇರೆ. ಹರಳು ಮಗ್ಗುಲು ಬದಲಿಸಿದರೆ ಉರುಳುತ್ತದೆ, ಪಾಲಿಪ್ ಗೋಡೆಗೆ ಅಂಟಿಕೊಂಡೇ ಇರುತ್ತದೆ. ಸ್ಕ್ಯಾನಿಂಗ್ ಮಾಡಿಸಿಕೊಂಡ ನೂರು ಜನರಲ್ಲಿ ಸುಮಾರು ಐದು ಮಂದಿಗೆ ಇದು ಕಾಣುತ್ತದೆ. ಇವುಗಳಲ್ಲಿ ಬಹುಪಾಲು ನಿಜವಾದ ಗಂಟುಗಳೇ ಅಲ್ಲ. ಕೊಲೆಸ್ಟರಾಲ್ ಎಂಬ ಕೊಬ್ಬು ಗೋಡೆಯಲ್ಲಿ ಶೇಖರಗೊಂಡು ಉಬ್ಬಿದ ತೋರಿಕೆಯ ಪಾಲಿಪ್‌ಗಳವು. ಹಲವು ಹಾಗೆಯೇ ಉಳಿಯುತ್ತವೆ, ಕೆಲವು ಮುಂದಿನ ಸ್ಕ್ಯಾನಿಂಗಿನಲ್ಲಿ ಕಾಣದೆಯೂ ಹೋಗುತ್ತವೆ. ಅಲ್ಪಸಂಖ್ಯೆಯವು ಮಾತ್ರ ಬೆಳೆಯುವ ಸ್ವಭಾವದವು, ಅವುಗಳಲ್ಲಿಯೂ ಕೆಲವೇ ಕ್ಯಾನ್ಸರಿಗೆ ತಿರುಗಬಲ್ಲವು. ಹೊರಗಿನಿಂದ ನೋಡಿ ಇದು ಇಂಥದೇ ಎಂದು ಖಂಡಿತವಾಗಿ ಹೇಳಲು ಬಾರದು. ಆದುದರಿಂದ ವೈದ್ಯರು ಗಾತ್ರವನ್ನು ಹಿಡಿದು ವಿಚಾರಿಸುತ್ತಾರೆ. ನಮ್ಮ ಕಡೆಯ ಒಂದು ತೊಗರಿ ಕಾಳು ಸುಮಾರು 5-6 ಮಿಲಿಮೀಟರ್ ಇರುತ್ತದೆ. ಸಣ್ಣ ಪಾಲಿಪ್ ಎಂದರೆ ಅಷ್ಟು, ಅಥವಾ ಅದಕ್ಕಿಂತ ಕಡಿಮೆ.

ಭೀಮಾ ತೀರದ ಘತ್ತರಗಿಯಂಥ ಊರಿನಲ್ಲಿ ಈ ಕಾಗದ ಹೇಗೆ ಬರುತ್ತದೆ ಎಂಬುದನ್ನು ಹೇಳಬೇಕು. ಅಮಾವಾಸ್ಯೆಗೆ ಭಾಗ್ಯವಂತಿಯ ದರ್ಶನಕ್ಕೆ ಜನ ಕಿಕ್ಕಿರಿದು ಬರುವ ಊರದು. ಆದರೆ ಹೊಟ್ಟೆಯ ಸ್ಕ್ಯಾನಿಂಗ್ ಆಗಬೇಕಾದರೆ ಊರವರು ಅಫಜಲಪುರವನ್ನೋ, ಕಲಬುರಗಿಯನ್ನೋ, ಸೊಲ್ಲಾಪುರವನ್ನೋ ಹಿಡಿಯಬೇಕು. ಪರಿಚಯದ ಒಂದು ಶ್ರಾವಕ ಕುಟುಂಬದ ತಾಯಿ, ವಯಸ್ಸು ಐವತ್ತನಾಲ್ಕು, ಎದೆಯುರಿಯೆಂದು ಹೋದವರಿಗೆ ಸ್ಕ್ಯಾನಿಂಗ್ ಆಯಿತು. ಮಗ ಆ ಕಾಗದ ಹಿಡಿದುಕೊಂಡು ಬಂದ.

“ಕಾಕಾರೀ, ಅವ್ವನ ಹೊಟ್ಟ್ಯಾಗ ಗಡ್ಡಿ ಆಗ್ಯಾದಂತ್ರಿ.”

“ಎಷ್ಟು ದೊಡ್ಡದಂತ ಬರದಾರೇನಪ್ಪಾ?”

“ನಾಕು ಎಂ.ಎಂ. ಅಂತ ಬರದಾರ್ರಿ.”

ನಾಲ್ಕು ಮಿಲಿಮೀಟರ್ ಎಂದರೆ ಒಂದು ಜೋಳದ ಕಾಳು. ಆದರೆ ‘ಗಡ್ಡಿ’ ಎಂಬ ಶಬ್ದ ಆಗಲೇ ಮನೆಯಿಂದ ಮನೆಗೆ ಹೋಗಿತ್ತು. ನೋಡಲು ಬಂದ ಬಂಧುಗಳಲ್ಲಿ ಒಬ್ಬರು ಕ್ಯಾನ್ಸರಿನಿಂದ ಸತ್ತವರ ಕಥೆ ಹೇಳಿದರು, ಇನ್ನೊಬ್ಬರು ಇಂದೇ ತೆಗೆಸಿರೆಂದರು, ಮತ್ತೊಬ್ಬರು ಕರಗಿಸುವ ಬೇರು ತಂದುಕೊಟ್ಟರು. ಆ ತಾಯಿ ಮೂವತ್ತು ವರ್ಷಗಳಿಂದ ನಡೆಸಿಕೊಂಡು ಬಂದ ದಶಲಕ್ಷಣ ಪರ್ವದ ಉಪವಾಸಗಳನ್ನು ಆ ವರ್ಷ ಬಿಟ್ಟರು. ಮಗಳಿಗೆ ಬಂದಿದ್ದ ಸಂಬಂಧದವರು, ಮನೆಯಲ್ಲಿ ದೊಡ್ಡ ರೋಗವಿದೆಯಂತೆ ಎಂದು ಸುಮ್ಮನಾದರು. ಆರು ತಿಂಗಳ ಮೇಲೆ ಮತ್ತೆ ನೋಡಿದಾಗ ಅದು ನಾಲ್ಕೇ ಇತ್ತು, ವರ್ಷದ ಮೇಲೆ ನೋಡಿದಾಗಲೂ ನಾಲ್ಕೇ. ದೇಹಕ್ಕೆ ಏನೂ ಆಗಲಿಲ್ಲ. ಆದರೆ ಒಂದು ಪರ್ವವೂ ಒಂದು ಸಂಬಂಧವೂ ಹೋದವು. ಈ ಹಾನಿಯನ್ನು ಮಾಡಿದವರಾರು? ಪಾಲಿಪ್ಪಂತೂ ಅಲ್ಲ.

ಇಲ್ಲಿ ಶಾಸ್ತ್ರವಿಚಾರಕ್ಕೆ ಬರೋಣ. ನಮ್ಮ ಹಿರಿಯರಲ್ಲಿ ಕೆಲವರು, ದೇಹದ ಒಂದು ಅಂಗವನ್ನು ಕೊಯ್ದು ತೆಗೆಯುವುದೇ ಹಿಂಸೆಯಲ್ಲವೆ, ಕರ್ಮೋದಯವನ್ನು ಶಾಂತವಾಗಿ ಅನುಭವಿಸುವುದೇ ಮೇಲಲ್ಲವೆ, ಎಂದು ಕೇಳುತ್ತಾರೆ. ಈ ಮಾತು ಭಕ್ತಿಯಿಂದ ಬಂದುದೇ ಹೊರತು ಶಾಸ್ತ್ರದಿಂದ ಬಂದುದಲ್ಲ. ಸಮಂತಭದ್ರಾಚಾರ್ಯರ ಚರಿತ್ರೆಯನ್ನು ಕನ್ನಡ ಜೈನರಿಗೆ ಹೇಳಬೇಕಾಗಿಲ್ಲ. ದೇವಚಂದ್ರನ ರಾಜಾವಳೀಕಥೆಯಲ್ಲಿ ಅದು ಬಂದಿದೆ. ಎಷ್ಟು ಉಂಡರೂ ಭಸ್ಮವಾಗಿ ಹೋಗುವ ಭಸ್ಮಕ ರೋಗ ಅವರಿಗೆ ತಗಲಿತು. ಅವರು ಗುರುಗಳ ಬಳಿಗೆ ಹೋಗಿ ಸಲ್ಲೇಖನಕ್ಕೆ ಅನುಮತಿ ಬೇಡಿದರು. ಗುರುಗಳು ಕೊಡಲಿಲ್ಲ. ನಿನ್ನಿಂದ ಧರ್ಮಪ್ರಭಾವನೆ ಆಗಬೇಕಾಗಿದೆ, ಮುನಿವೇಷವನ್ನು ತಾತ್ಕಾಲಿಕವಾಗಿ ಬಿಟ್ಟಾದರೂ ರೋಗವನ್ನು ಶಮನ ಮಾಡಿಕೋ, ಎಂದು ಅಪ್ಪಣೆ ಮಾಡಿದರು. ರೋಗ ಶಾಂತವಾದ ಮೇಲೆ ಅವರು ಪುನಃ ದೀಕ್ಷೆ ಕೈಗೊಂಡರು. ರತ್ನಕರಂಡಕ ಶ್ರಾವಕಾಚಾರದಲ್ಲಿ, ಪ್ರತೀಕಾರವೇ ಇಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳು ಒದಗಿದಾಗ ಮಾತ್ರ ಸಲ್ಲೇಖನ ಎಂದು ಎಲ್ಲೆ ಹಾಕಿದವರು ಇದೇ ಆಚಾರ್ಯರು. ಪ್ರತೀಕಾರವಿರುವ ರೋಗಕ್ಕೆ ಪ್ರತೀಕಾರ ಮಾಡತಕ್ಕದ್ದೆಂಬುದು ಇದರಿಂದಲೇ ಸಿದ್ಧವಾಗುತ್ತದೆ. ಮುನಿಧರ್ಮದಲ್ಲಿಯೇ ಹೀಗಿರುವಾಗ ಗೃಹಸ್ಥನ ಮಾತೇನು?

ಮತ್ತೊಂದು ಸಂಗತಿ ನಮ್ಮ ಕಲಬುರಗಿ ಜಿಲ್ಲೆಯವರು ಅಭಿಮಾನದಿಂದ ನೆನೆಯತಕ್ಕದ್ದು. ಇಂದಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನು ಬರೆದ ಉಗ್ರಾದಿತ್ಯಾಚಾರ್ಯರು ಅಮೋಘವರ್ಷ ನೃಪತುಂಗನ ಸಭೆಯಲ್ಲಿ, ಔಷಧದಲ್ಲಿ ಮಾಂಸ ನಿಷ್ಫಲವೂ ತ್ಯಾಜ್ಯವೂ ಆದುದೆಂದು ವಾದಿಸಿದರು. ಆ ಗ್ರಂಥವು 1940ರಲ್ಲಿ ಸೊಲ್ಲಾಪುರದಿಂದ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಸಂಪಾದನೆಯಲ್ಲಿ ಪ್ರಕಟವಾಯಿತು. ಕನ್ನಡದಲ್ಲಿ ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕವೂ ಇದೇ ನಿಲುವಿನದು. ಗಮನಿಸಬೇಕಾದುದು ಇದು: ಈ ಜೈನ ವೈದ್ಯರು ಚಿಕಿತ್ಸೆಯನ್ನು ಬಿಡಿರೆಂದು ಹೇಳಲಿಲ್ಲ, ಚಿಕಿತ್ಸೆಯೊಳಗಿನ ಅನಾವಶ್ಯಕ ಹಿಂಸೆಯನ್ನು ಬಿಡಿರೆಂದರು. ನಮ್ಮ ವಿಚಾರಕ್ಕೆ ಈ ಭೇದವೇ ಬೀಗದ ಕೈ.

ಶಸ್ತ್ರಚಿಕಿತ್ಸೆಯು ಗೃಹಸ್ಥನು ಬಿಡಬೇಕಾದ ಸಂಕಲ್ಪೀ ಹಿಂಸೆಯಲ್ಲ. ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಹಿಂಸೆಯ ಬೇರನ್ನು ಕೈಯಲ್ಲಿ ಹುಡುಕದೆ ಭಾವದಲ್ಲಿ ಹುಡುಕಿದ್ದಾರೆ. ರಾಗಾದಿಗಳ ಉದಯವೇ ಹಿಂಸೆಯೆಂಬುದು ಅವರ ನಿರ್ಣಯ. ಅವಶ್ಯಕತೆಯಿದ್ದು, ಜೀವ ಉಳಿಸುವ ಭಾವದಿಂದ ಶಸ್ತ್ರ ಹಿಡಿದ ವೈದ್ಯನೂ ಶರೀರ ಒಡ್ಡಿದ ರೋಗಿಯೂ ನಿರ್ದೋಷಿಗಳು. ಆದರೆ ಇದೇ ಸೂತ್ರವನ್ನು ತಿರುಗಿಸಿ ಹಿಡಿದು ನೋಡಿರಿ. ನೋಕಷಾಯಗಳು ಒಂಬತ್ತು. ಅವುಗಳಲ್ಲಿ ಭಯವೂ ಒಂದು, ಜುಗುಪ್ಸೆಯೂ ಒಂದು. ‘ನನ್ನೊಳಗೆ ಅಂಥದೊಂದು ಇದೆಯಲ್ಲಾ’ ಎಂಬ ಹೇಸಿಕೆಯಿಂದ, ‘ಏನಾದರೂ ಆದೀತು’ ಎಂಬ ಹೆದರಿಕೆಯಿಂದ ಮಾತ್ರವೇ, ಗಾತ್ರ ಕೇಳದೆ, ಎರಡನೆಯ ವೈದ್ಯನ ಅಭಿಪ್ರಾಯ ಪಡೆಯದೆ ಅಂಗವನ್ನು ಕೊಯ್ಯಿಸಿದರೆ, ಆ ಕೃತ್ಯದ ಮೂಲದಲ್ಲಿರುವುದು ಅವಶ್ಯಕತೆಯಲ್ಲ, ನೋಕಷಾಯ. ಸಮ್ಯಗ್ದೃಷ್ಟಿಯು ದೂರವಿಡಬೇಕಾದ ಏಳು ಭಯಗಳಲ್ಲಿ ವೇದನಾಭಯವೂ ಆಕಸ್ಮಿಕಭಯವೂ ಇವೆ. ಶಾಸ್ತ್ರಕಾರರು ಇವನ್ನು ಸುಮ್ಮನೆ ಎಣಿಕೆಗಾಗಿ ಎಣಿಸಿಲ್ಲ.

ಇದಕ್ಕೆ ಸರಿಯಾದ ಹೆಸರು ಅನರ್ಥದಂಡ. ಪ್ರಯೋಜನವಿದ್ದು ಮಾಡುವ ಪೀಡೆ ಅರ್ಥದಂಡ, ಪ್ರಯೋಜನವಿಲ್ಲದೆ ಮಾಡುವುದು ಅನರ್ಥದಂಡ. ನಮ್ಮವರು ಈ ಗುಣವ್ರತವನ್ನು ಸಾಮಾನ್ಯವಾಗಿ ಸುಮ್ಮನೆ ನೀರು ಚೆಲ್ಲದಿರುವುದು, ಸುಮ್ಮನೆ ಮಣ್ಣು ಕೆದರದಿರುವುದು, ದಾರಿಯಲ್ಲಿ ಹೋಗುತ್ತ ಎಲೆ ಕೀಳದಿರುವುದು ಎಂಬಷ್ಟಕ್ಕೆ ನಿಲ್ಲಿಸುತ್ತಾರೆ. ಒಂದು ಎಲೆಯ ವಿಷಯದಲ್ಲಿ ಇಷ್ಟು ಸೂಕ್ಷ್ಮವಾದ ವ್ರತವು ಸ್ವಂತ ಶರೀರದ ಒಂದು ಅಂಗದ ವಿಷಯದಲ್ಲಿ ಮೌನವಾಗಿರಲು ಸಾಧ್ಯವೆ? ಈ ವ್ರತದ ಅತಿಚಾರಗಳಲ್ಲಿ ಉಮಾಸ್ವಾಮಿಗಳು ‘ಅಸಮೀಕ್ಷ್ಯಾಧಿಕರಣ’ವನ್ನು ಹೇಳಿದ್ದಾರೆ. ಪ್ರಯೋಜನವನ್ನು ಚೆನ್ನಾಗಿ ನೋಡದೆ ಬೇಕಾದುದಕ್ಕಿಂತ ಹೆಚ್ಚು ಮಾಡುವುದು ಎಂದು ಅದರ ಅರ್ಥ. ಅದರ ಪಕ್ಕದಲ್ಲಿಯೇ ‘ಮೌಖರ್ಯ’ವೂ ಇದೆ, ಎಂದರೆ ಹರಟೆಮಲ್ಲತನ. ರೋಗಿಯನ್ನು ನೋಡಲು ಬಂದು ಸತ್ತವರ ಕಥೆ ಹೇಳುವ ನಮ್ಮ ಬಂಧುಗಳನ್ನು ಆಚಾರ್ಯರು ಅಂದೇ ಕಂಡಿದ್ದರೇನೋ!

ಆದರೆ ಪ್ರಯೋಜನವಿದೆಯೋ ಇಲ್ಲವೋ ಎಂದು ನಿರ್ಣಯಿಸುವುದು ಹೇಗೆ? ಇಲ್ಲಿ ಧರ್ಮಶಾಸ್ತ್ರವು ಲೆಕ್ಕಶಾಸ್ತ್ರದ ಕೈ ಹಿಡಿಯಬೇಕಾಗುತ್ತದೆ. ವ್ಯಾಪಾರಿಗಳಾದ ನಮ್ಮವರಿಗೆ ಇದು ಕಷ್ಟವಲ್ಲ. ಬರಬಹುದಾದ ನಷ್ಟವನ್ನು ಪುಸ್ತಕದಲ್ಲಿ ಹೇಗೆ ತೋರಿಸಬೇಕೆಂಬ ಬಗ್ಗೆ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಯು 2003ರಲ್ಲಿ ಹೊರಡಿಸಿದ 29ನೆಯ ಮಾನದಂಡವೊಂದಿದೆ. ನಷ್ಟ ಬಾರದಿರುವುದಕ್ಕಿಂತ ಬರುವ ಸಂಭವವೇ ಹೆಚ್ಚಾದರೆ ಹಣ ತೆಗೆದಿಡಬೇಕು. ಬರಬಹುದು, ಬಾರದೆಯೂ ಇರಬಹುದು ಎಂದಾದರೆ ಹಣ ತೆಗೆದಿಡಬೇಕಾಗಿಲ್ಲ, ಆದರೆ ಅಡಿಟಿಪ್ಪಣಿಯಲ್ಲಿ ಬರೆದಿಡಬೇಕು. ಸಂಭವವೇ ಅತಿ ದೂರದ್ದಾದರೆ ಬರೆಯುವುದೂ ಬೇಕಾಗಿಲ್ಲ. ವೈದ್ಯಲೋಕದ ನಿಯಮವೂ ಆಶ್ಚರ್ಯಕರವಾಗಿ ಇದೇ ಮೂರು ಮೆಟ್ಟಿಲಿನದು. ಯೂರೋಪಿನ ನಾಲ್ಕು ವೈದ್ಯ ಸಂಘಗಳು ಕೂಡಿ 2017ರಲ್ಲಿ ಹೊರಡಿಸಿ 2022ರಲ್ಲಿ ಪರಿಷ್ಕರಿಸಿದ ಸೂಚನೆಯ ಪ್ರಕಾರ, ಪಾಲಿಪ್ 10 ಮಿಲಿಮೀಟರ್ ಅಥವಾ ಹೆಚ್ಚಿದ್ದರೆ, ರೋಗಿ ಶಕ್ತನಾಗಿದ್ದಲ್ಲಿ, ಪಿತ್ತಕೋಶವನ್ನು ತೆಗೆಸುವುದು ಯೋಗ್ಯ. 6ರಿಂದ 9ರವರೆಗೆ ಇದ್ದರೆ ಅಪಾಯದ ಕಾರಣಗಳು ಬೇರೆ ಇವೆಯೇ ಎಂದು ನೋಡಬೇಕು: ವಯಸ್ಸು 60 ಮೀರಿರುವುದು, ಪಿತ್ತನಾಳಗಳು ಗಟ್ಟಿಯಾಗುವ ಒಂದು ವಿಶೇಷ ರೋಗ, ತೊಟ್ಟಿಲ್ಲದೆ ಅಗಲವಾಗಿ ಕುಳಿತ ಪಾಲಿಪ್, ಏಷ್ಯಾದವರಾಗಿರುವುದು. ಇದ್ದರೆ ತೆಗೆಸುವುದು, ಇಲ್ಲದಿದ್ದರೆ ಆರು ತಿಂಗಳು, ಒಂದು ವರ್ಷ, ಎರಡು ವರ್ಷಕ್ಕೆ ಮತ್ತೆ ನೋಡಿಸುವುದು. 5 ಅಥವಾ ಕಡಿಮೆಯಿದ್ದು ಇಂಥ ಕಾರಣವಿದ್ದರೆ ಅದೇ ಮೂರು ಸಲ ನೋಡಿಸುವುದು. ಕಾರಣವೇ ಇಲ್ಲದಿದ್ದರೆ ಮತ್ತೆ ನೋಡಿಸುವ ಅವಶ್ಯಕತೆಯೂ ಇಲ್ಲ. ಎರಡು ವರ್ಷದೊಳಗೆ 2 ಮಿಲಿಮೀಟರ್ ಅಥವಾ ಹೆಚ್ಚು ಬೆಳೆದರೆ ಪುನರ್ವಿಚಾರ ಮಾಡಬೇಕು.

ಅದೇ 2022ರಲ್ಲಿ ಅಮೆರಿಕದ ಸ್ಕ್ಯಾನಿಂಗ್ ತಜ್ಞರ ಸಂಘವೂ ತನ್ನ ಅಭಿಪ್ರಾಯ ಹೊರಡಿಸಿತು. ಅವರದು ಇನ್ನೂ ಸಡಿಲ. ಗೋಡೆಗೆ ಸಣ್ಣ ತೊಟ್ಟಿನಿಂದ ತೂಗುವ, ಚೆಂಡಿನಂಥ ಪಾಲಿಪ್ 9 ಮಿಲಿಮೀಟರಿನವರೆಗಿದ್ದರೂ ಮತ್ತೆ ನೋಡಿಸಬೇಕಾಗಿಲ್ಲವೆಂದರು. ಒಂದೇ ವರ್ಷದಲ್ಲಿ ಎರಡು ಪಂಡಿತಸಭೆಗಳು ಎರಡು ಮಾತು ಹೇಳಿದವು. ಇದನ್ನು ಸ್ಯಾದ್ವಾದವೆಂದು ಕರೆದು ಕೈತೊಳೆದುಕೊಳ್ಳುವ ಅಭ್ಯಾಸ ನಮ್ಮಲ್ಲಿದೆ, ಅದು ಸಲ್ಲದು. ಇಬ್ಬರ ನಯ ಬೇರೆ ಬೇರೆ ಎಂಬುದನ್ನು ತಿಳಿಯಬೇಕು. ಒಬ್ಬರು ತಪ್ಪಿಹೋದ ಒಂದು ಕ್ಯಾನ್ಸರಿನ ಬೆಲೆಯನ್ನು ಮುಂದಿಟ್ಟುಕೊಂಡು ನೋಡಿದ್ದಾರೆ, ಇನ್ನೊಬ್ಬರು ಅನಾವಶ್ಯಕವಾಗಿ ನಡೆದ ನೂರಾರು ಶಸ್ತ್ರಚಿಕಿತ್ಸೆಗಳ ಬೆಲೆಯನ್ನು.

ಆ ಬೆಲೆಯೆಷ್ಟು? ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಕ್ಯಾನಿಂಗ್ ಆದ ಆರು ಲಕ್ಷಕ್ಕೂ ಹೆಚ್ಚು ಜನರ ದಾಖಲೆಗಳ ಪರಿಶೀಲನೆಯೊಂದು 2020ರಲ್ಲಿ ಪ್ರಕಟವಾಯಿತು. ಅವರಲ್ಲಿ 35,970 ಜನರಿಗೆ ಪಾಲಿಪ್ ಇತ್ತು. ಮುಂದೆ ಪಿತ್ತಕೋಶದ ಕ್ಯಾನ್ಸರ್ ಕಂಡದ್ದು ಪಾಲಿಪ್ ಇದ್ದವರಲ್ಲಿ ನೂರಕ್ಕೆ 0.053, ಇಲ್ಲದವರಲ್ಲಿ ನೂರಕ್ಕೆ 0.054. ಎರಡಕ್ಕೂ ಅಂತರವೇ ಇಲ್ಲವೆನ್ನಬೇಕು. ಗಾತ್ರವನ್ನು ಹಿಡಿದು ನೋಡಿದರೆ, 6 ಮಿಲಿಮೀಟರಿಗಿಂತ ಚಿಕ್ಕದಿದ್ದವರಲ್ಲಿ ಲಕ್ಷ ಜನರಿಗೆ ವರ್ಷಕ್ಕೆ 1.3, ಆದರೆ 10 ಮತ್ತು ಮೇಲ್ಪಟ್ಟವರಲ್ಲಿ 128. ಇನ್ನೊಂದು ತಕ್ಕಡಿಯಲ್ಲಿ ಶಸ್ತ್ರಚಿಕಿತ್ಸೆಯನ್ನು ಇಡಿರಿ. ಪಿತ್ತಕೋಶ ತೆಗೆಯುವಾಗ ಪಕ್ಕದ ಪಿತ್ತನಾಳಕ್ಕೆ ಗಾಯವಾಗುವುದು ಸಾವಿರಕ್ಕೆ ಎರಡರಿಂದ ಐದು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಆ ಗಾಯ ಬಹಳ ಕಷ್ಟ ಕೊಡುವಂಥದು, ಮತ್ತೊಂದು ದೊಡ್ಡ ಶಸ್ತ್ರಚಿಕಿತ್ಸೆಯೇ ಬೇಕಾದೀತು. ಜೋಳದ ಕಾಳಿನಷ್ಟು ಪಾಲಿಪ್ ಇರುವ ಒಂದು ಲಕ್ಷ ಜನರನ್ನೂ ಕೊಯ್ದರೆ ಇನ್ನೂರರಿಂದ ಐನೂರು ಜನರಿಗೆ ಈ ಗಾಯ. ಉರಿಯೂತವಿಲ್ಲದ ಪಿತ್ತಕೋಶದಲ್ಲಿ ಅಪಾಯ ಕಡಿಮೆಯೆಂದು ಹೇಳಿ ಅರ್ಧಕ್ಕೆ ಇಳಿಸಿದರೂ ನೂರು ಜನ. ಉಳಿಸಿದ್ದು ವರ್ಷಕ್ಕೆ ಒಬ್ಬರೋ ಇಬ್ಬರೋ. ಇಪ್ಪತ್ತು ವರ್ಷ ಕೂಡಿಸಿದರೂ ಇಪ್ಪತ್ತಾರು. ಈ ಜಮಾಖರ್ಚನ್ನು ಯಾವ ಅಂಗಡಿಯವನು ಲಾಭವೆಂದು ಬರೆದಾನು?

ಇಲ್ಲಿ ಒಂದು ಸಂಶಯವನ್ನು ಮುಚ್ಚಿಡಬಾರದು. ಈ ಅಂಕಿಗಳು ಕ್ಯಾಲಿಫೋರ್ನಿಯಾದವು. ಯೂರೋಪಿನ ಸೂಚನೆಯಲ್ಲಿ 2017ರಲ್ಲಿ ‘ಭಾರತೀಯರು’ ಎಂದೇ ಅಪಾಯದ ಪಟ್ಟಿಯಲ್ಲಿ ಬರೆದಿದ್ದರು, ನಂತರ ಅದನ್ನು ‘ಏಷ್ಯಾದವರು’ ಎಂದು ಹಿಗ್ಗಿಸಿದರು. ಉತ್ತರ ಭಾರತದ ಗಂಗಾ ಬಯಲಿನಲ್ಲಿ, ಉತ್ತರ ಪ್ರದೇಶ, ಬಿಹಾರಗಳಲ್ಲಿ, ಅಸ್ಸಾಮಿನಲ್ಲಿ ಪಿತ್ತಕೋಶದ ಕ್ಯಾನ್ಸರ್ ಬಹಳ ಹೆಚ್ಚು, ದಕ್ಷಿಣದಲ್ಲಿ ಬಹಳ ಕಡಿಮೆ. ಭೀಮಾ ತೀರದ ಮನುಷ್ಯನನ್ನು ಪಾಟ್ನಾದ ಮನುಷ್ಯನೊಡನೆ ಒಂದೇ ಖಾನೆಗೆ ಹಾಕುವುದು ಎಷ್ಟು ಸರಿ ಎಂಬುದು ವೈದ್ಯರೊಡನೆ ಬಾಯಿಬಿಟ್ಟು ಕೇಳತಕ್ಕ ಪ್ರಶ್ನೆ. ಅದೇ ರೀತಿ, ಆ ಊರುಗಳಲ್ಲಿ ವ್ಯಾಪಾರಕ್ಕೆಂದು ನೆಲೆಸಿರುವ ನಮ್ಮ ಬಂಧುಗಳು ದಕ್ಷಿಣದ ನಿಶ್ಚಿಂತೆಯನ್ನು ಕಟ್ಟಿಕೊಂಡು ಕೂಡಬಾರದು.

ಶಸ್ತ್ರಚಿಕಿತ್ಸೆ ಈಗ ಬಹಳ ಸುಲಭವಾಗಿದೆ, ಮೂರು ನಾಲ್ಕು ಸಣ್ಣ ರಂಧ್ರ, ಎರಡು ದಿನ, ಮನೆಗೆ ಬಂದಂತೆಯೇ. ಚಿಂತೆಯ ಮೂಲವನ್ನೇ ತೆಗೆಸಿಬಿಟ್ಟರೆ ಮನಶ್ಶಾಂತಿಯಲ್ಲವೆ, ಎಂದು ವಾದಿಸುವವರಿದ್ದಾರೆ. 1882ರಲ್ಲಿ ಬರ್ಲಿನ್ನಿನ ಲಾಂಗೆನ್‌ಬುಕ್ ಎಂಬ ವೈದ್ಯ ಮೊದಲು ಪಿತ್ತಕೋಶವನ್ನು ತೆಗೆದಾಗ ಅದು ಪ್ರಾಣದ ಪಣವಾಗಿತ್ತು. 1990ರಲ್ಲಿ ಮುಂಬಯಿಯ ಡಾ. ತೆಹೆಮ್ಟನ್ ಉದ್ವಾಡಿಯಾ ಅವರು ದುರ್ಬೀನಿನ ವಿಧಾನವನ್ನು ನಮ್ಮ ದೇಶಕ್ಕೆ ತಂದ ಮೇಲೆ ಎಷ್ಟೋ ಜನರ ನೋವು ನೀಗಿದೆ. ಈ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಸುಲಭವಾಯಿತು ಎಂಬುದು ಅವಶ್ಯಕವಾಯಿತು ಎಂಬುದಕ್ಕೆ ಸಾಕ್ಷಿಯಲ್ಲ. ಚಿಂತೆಯ ಮೂಲ ಪಿತ್ತಕೋಶದಲ್ಲಿದ್ದರೆ ತಾನೇ ಅದನ್ನು ತೆಗೆದರೆ ಹೋಗುವುದು? ಪಿತ್ತಕೋಶ ಹೋದ ಮೇಲೆ ಯಕೃತ್ತಿನ ಮೇಲಿನ ಚುಕ್ಕೆ, ಅದರ ಮೇಲೆ ಮೂತ್ರಪಿಂಡದ ನೀರುಗುಳ್ಳೆ, ಹೀಗೆ ಸ್ಕ್ಯಾನಿಂಗಿನ ಕಾಗದಕ್ಕೆ ಬರೆಯುವ ವಿಷಯಗಳಿಗೇನೂ ಬರಗಾಲವಿಲ್ಲ.

ಇಷ್ಟನ್ನು ಓದಿ, ಹಾಗಾದರೆ ಕಾಗದವನ್ನು ಹರಿದೆಸೆಯೋಣವೆಂದು ಯಾರಾದರೂ ತಿಳಿದರೆ ಅದು ಮತ್ತೊಂದು ಅನರ್ಥ. ಪಿತ್ತಕೋಶದ ಕ್ಯಾನ್ಸರ್ ಸದ್ದಿಲ್ಲದ ಶತ್ರು. ನೋವು, ಕಾಮಾಲೆ ಕಾಣುವ ಹೊತ್ತಿಗೆ ಬಹುತೇಕ ಕೈಮೀರಿರುತ್ತದೆ. ಆದುದರಿಂದ 10 ಮಿಲಿಮೀಟರ್ ದಾಟಿದ್ದನ್ನು, ಅರವತ್ತು ಮೀರಿದವರ 8 ಮಿಲಿಮೀಟರನ್ನು, ಅಗಲವಾಗಿ ಗೋಡೆಗೆ ಹತ್ತಿ ಕುಳಿತದ್ದನ್ನು, ಒಂದು ವರ್ಷದಲ್ಲಿ ತೊಗರಿ ಕಾಳಿನಿಂದ ಕಡಲೆ ಕಾಳಿನಷ್ಟಾದದ್ದನ್ನು ‘ಕರ್ಮ ಇದ್ದಂತಾಗಲಿ’ ಎಂದು ಬಿಡುವುದು ವೈರಾಗ್ಯವಲ್ಲ. ಅದು ಪ್ರಮಾದ. ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮೊದಲು ಇಟ್ಟಿದ್ದಾರೆ. ವೈದ್ಯರು ಹೇಳಿದ ದಿನಕ್ಕೆ ಮತ್ತೆ ಹೋಗದಿರುವುದೂ ಹೋಗಬೇಡವೆಂದಾಗ ತಿಂಗಳಿಗೊಮ್ಮೆ ಹೋಗುವುದೂ ಒಂದೇ ವ್ರತದ ಎರಡು ಭಂಗಗಳು. ದೂರದ ಹಳ್ಳಿಯಲ್ಲಿ ಒಬ್ಬಂಟಿಯಾಗಿದ್ದು ಪದೇ ಪದೇ ನಗರಕ್ಕೆ ಬರಲಾರದ ವೃದ್ಧರ ವಿಷಯದಲ್ಲಿ, ನಡುವಿನ ಗಾತ್ರದ್ದನ್ನು ಒಂದೇ ಸಲಕ್ಕೆ ತೆಗೆಸುವುದು ಯೋಗ್ಯವೆಂದು ವೈದ್ಯರು ಹೇಳಿದರೆ ಅದರಲ್ಲಿ ವಿವೇಕವಿದೆ. ಅಲ್ಲಿ ಪ್ರಯೋಜನ ಸ್ಪಷ್ಟ.

ಇನ್ನು ನಡುವಿನ ಕೆಲವು ಮಾತು. ಸ್ಕ್ಯಾನಿಂಗಿಗೆ ಆರೆಂಟು ಗಂಟೆ ಖಾಲಿ ಹೊಟ್ಟೆಯಲ್ಲಿರಬೇಕು. ಉಂಡರೆ ಪಿತ್ತಕೋಶ ಕುಗ್ಗಿ ಸರಿಯಾಗಿ ಕಾಣದು. ರಾತ್ರಿಭೋಜನ ತ್ಯಾಗ ಪಾಲಿಸುವವರು ಬೆಳಗ್ಗೆಯೇ ಹೋದರೆ ಬೇರೆ ಉಪವಾಸ ಬೇಕಿಲ್ಲ. ಅಳತೆಯಲ್ಲಿ ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆ ಬರುವುದುಂಟು. ಆದುದರಿಂದ 4 ಇದ್ದದ್ದು 5 ಎಂದು ಬಂದೊಡನೆ ಬೆಳೆಯಿತೆಂದು ಕೂಗಬಾರದು. ಸಾಧ್ಯವಾದರೆ ಅದೇ ಕೇಂದ್ರದಲ್ಲಿ, ಹಳೆಯ ಕಾಗದ ಕೈಯಲ್ಲಿ ಹಿಡಿದು ಹೋಗಬೇಕು. ಪಾಲಿಪ್ಪನ್ನು ಕರಗಿಸುವುದಾಗಿ ಸಿದ್ಧಪಟ್ಟ ಔಷಧ ಯಾವುದೂ ಇಲ್ಲ. ಎಣ್ಣೆ, ನಿಂಬೆರಸ ಕುಡಿಸಿ ಮರುದಿನ ಹಸಿರು ಉಂಡೆಗಳನ್ನು ತೋರಿಸುವವರ ಮಾತು ನಂಬಬೇಡಿರಿ. ಆ ಉಂಡೆಗಳು ಹೊಟ್ಟೆಯಲ್ಲಿ ಅದೇ ಎಣ್ಣೆಯಿಂದಾದ ಸಾಬೂನು. ಶಸ್ತ್ರಚಿಕಿತ್ಸೆ ನಿಶ್ಚಯವಾದರೆ, ಪ್ರಾಣಿಯ ಕರುಳಿನ ದಾರದ ಬದಲು ಕೃತಕ ದಾರದ ಹೊಲಿಗೆ, ಜೆಲಟಿನ್ ಕ್ಯಾಪ್ಸೂಲಿನ ಬದಲು ಮಾತ್ರೆ ಸಾಧ್ಯವೇ ಎಂದು ಮೊದಲೇ ವಿನಯದಿಂದ ಕೇಳಿರಿ. ಬಹುಮಟ್ಟಿಗೆ ಸಾಧ್ಯವಿರುತ್ತದೆ. ಕೇಳುವವರೇ ಕಡಿಮೆ. ಉಗ್ರಾದಿತ್ಯರು ರಾಜಸಭೆಯಲ್ಲಿ ಕೇಳಿದ್ದನ್ನು ನಾವು ಆಸ್ಪತ್ರೆಯ ಕೋಣೆಯಲ್ಲಿ ಕೇಳಲು ಸಂಕೋಚವೇಕೆ?

ರೋಗಿಗೆ ಹೇಳಬೇಕೋ ಬೇಡವೋ ಎಂಬುದೊಂದು ಮನೆ ಮನೆಯ ತೊಡಕು. ‘ಅವ್ವ ಅಂಜತಾಳ’ ಎಂದು ಮಕ್ಕಳು ಮುಚ್ಚಿಡುತ್ತಾರೆ. ಆಕೆಗೋ ಅರ್ಧ ತಿಳಿದಿರುತ್ತದೆ, ಅರ್ಧವನ್ನು ಭಯ ತುಂಬಿಕೊಳ್ಳುತ್ತದೆ. ಸತ್ಯಾಣುವ್ರತವು ಪರರ ಪ್ರಾಣಕ್ಕೆ ಆಪತ್ತು ತರುವ ಸತ್ಯವನ್ನು ಆಡಬೇಡವೆಂದಿದೆಯೇ ಹೊರತು, ಅವರವರ ಶರೀರದ ವಾರ್ತೆಯನ್ನು ಅವರಿಂದಲೇ ಅಡಗಿಸಿಡಲು ಹೇಳಿಲ್ಲ. ನಾಲ್ಕು ಮಿಲಿಮೀಟರಿನ ಸುದ್ದಿಯನ್ನು ಜೋಳದ ಕಾಳು ತೋರಿಸಿ ಹೇಳಿದರೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಅಡಗಿಸಿಟ್ಟರೆ ವರ್ಷವಿಡೀ ಮುಗಿಯದು.

ಕಡೆಯದಾಗಿ ನಮ್ಮ ಬಸದಿಗಳ ಟ್ರಸ್ಟಿನವರಲ್ಲಿ ಒಂದು ವಿಜ್ಞಾಪನೆಯಿದೆ. ಮಹಾವೀರ ಜಯಂತಿಯಂದು ಉಚಿತ ಆರೋಗ್ಯ ತಪಾಸಣೆಯ ಶಿಬಿರಗಳನ್ನು ಹಲವು ಊರುಗಳಲ್ಲಿ ನಡೆಸುತ್ತಾರೆ. ಅದು ಸ್ತುತ್ಯ. ಸ್ಕ್ಯಾನಿಂಗ್ ಯಂತ್ರಗಳು 1994ರ ಭ್ರೂಣಲಿಂಗ ಪತ್ತೆ ನಿಷೇಧದ ಕಾನೂನಿನ ಪ್ರಕಾರ ನೋಂದಣಿಯಾಗಿರಬೇಕಾದುದರಿಂದ ಅವನ್ನು ಕಲ್ಯಾಣಮಂಟಪಕ್ಕೆ ಮನಬಂದಂತೆ ತರಲಾಗದು. ನೋಂದಣಿಯಾದ ಕೇಂದ್ರಕ್ಕೆ ರೋಗಿಗಳನ್ನು ಕಳಿಸಿ ವೆಚ್ಚವನ್ನು ಟ್ರಸ್ಟು ಭರಿಸುವುದೇ ಸರಿಯಾದ ಮಾರ್ಗ. ಆದರೆ ಯಾವ ದೂರೂ ಇಲ್ಲದವರನ್ನೂ ಸಾಲಾಗಿ ನಿಲ್ಲಿಸಿ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸುವುದು ಪುಣ್ಯವೋ ಅಲ್ಲವೋ ಎಂದು ಕೇಳಬೇಕಾಗಿದೆ. ಆಹಾರ, ಔಷಧ, ಶಾಸ್ತ್ರ, ಅಭಯ ಇವು ನಾಲ್ಕು ದಾನಗಳು. ನೂರು ಜನರಿಗೆ ಸ್ಕ್ಯಾನಿಂಗ್ ಮಾಡಿಸಿದರೆ ಸುಮಾರು ಐದು ಮನೆಗಳಿಗೆ ‘ಪಾಲಿಪ್’ ಎಂಬ ಶಬ್ದ ಹೋಗುತ್ತದೆ. ಅದರ ಅರ್ಥವನ್ನು ಹೇಳುವವರು ಜೊತೆಯಲ್ಲಿ ಹೋಗುವುದಿಲ್ಲ. ಔಷಧದಾನದ ಹೆಸರಿನಲ್ಲಿ ಕೊಟ್ಟದ್ದು ಭಯದಾನವಾಗುತ್ತದೆ. ಅಭಯದಾನವು ಕಸಾಯಿಖಾನೆಯಿಂದ ಪ್ರಾಣಿಗಳನ್ನು ಬಿಡಿಸುವುದಕ್ಕೆ ಮಾತ್ರ ಸೀಮಿತವೆಂದು ಯಾರು ಹೇಳಿದರು? ಕಾಗದ ಕೊಟ್ಟ ದಿನವೇ ಒಬ್ಬ ತಿಳಿದ ವೈದ್ಯರನ್ನು ಕೂರಿಸಿ, ಒಬ್ಬೊಬ್ಬರಿಗೂ ಹತ್ತು ನಿಮಿಷ ಅವರ ಭಾಷೆಯಲ್ಲಿ ಅರ್ಥ ಹೇಳಿಸುವುದೂ ಅಭಯದಾನವೇ. ಅದಕ್ಕೆ ಹಣ ಸಾಲದಿದ್ದರೆ ಶಿಬಿರದ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಿರಿ, ಫಲಕದ ಮೇಲಿನ ಅಂಕಿ ಚಿಕ್ಕದಾದರೆ ಆಗಲಿ.

ಜೊತೆಗೆ ಒಂದು ವಹಿ ಇಡಬೇಕು. ನಮ್ಮವರಿಗೆ ವಹಿ ಬರೆಯುವುದು ಹೊಸದಲ್ಲ. ಹೆಸರು, ವಯಸ್ಸು, ಗಾತ್ರ, ತೊಟ್ಟಿದೆಯೋ ಇಲ್ಲವೋ, ಹರಳಿದೆಯೋ ಇಲ್ಲವೋ, ವೈದ್ಯರು ಹೇಳಿದ ಮುಂದಿನ ತಾರೀಖು, ಇಷ್ಟೇ ಕಲಮುಗಳು. ಜನಕ್ಕೆ ತಾರೀಖು ಮರೆತರೂ ತಿಥಿ ಮರೆಯದು. ಚೈತ್ರ ಶುಕ್ಲ ತ್ರಯೋದಶಿಯ ಶಿಬಿರದಲ್ಲಿ ಕಂಡದ್ದಕ್ಕೆ ಆರು ತಿಂಗಳ ನಂತರದ ಸ್ಕ್ಯಾನಿಂಗ್ ಸರಿಸುಮಾರು ದೀಪಾವಳಿಯ ನಿರ್ವಾಣೋತ್ಸವದ ಹೊತ್ತಿಗೆ ಬೀಳುತ್ತದೆ, ಎರಡನೆಯದು ಮುಂದಿನ ಜಯಂತಿಗೆ, ಮೂರನೆಯದು ಅದರ ಮುಂದಿನ ಜಯಂತಿಗೆ. ಈ ವಹಿಯನ್ನು ಒಬ್ಬರೇ ಇಟ್ಟುಕೊಳ್ಳಬೇಕು. ಬಸದಿಯ ಜಗಲಿಯಲ್ಲಿ ಓದಬಾರದು, ಮದುವೆಯ ಮಾತಿಗೆ ಬಂದವರ ಕಣ್ಣಿಗೆ ಬೀಳಬಾರದು. ಎರಡು ವರ್ಷ ಬೆಳವಣಿಗೆಯಿಲ್ಲದೆ ಕಳೆದು, ಇನ್ನು ಬೇಡವೆಂದು ವೈದ್ಯರು ಹೇಳಿದ ಹೆಸರಿನ ಮೇಲೆ ಅಡ್ಡಗೆರೆ ಎಳೆದು, ಖಾತೆ ಮುಗಿಯಿತೆಂದು ಆ ಮನೆಗೆ ಒಂದು ಕಾರ್ಡು ಬರೆಯಬೇಕು. ಆ ಕಾರ್ಡಿನ ಖರ್ಚನ್ನೂ ಔಷಧದಾನದ ಲೆಕ್ಕದಲ್ಲಿಯೇ ಹಾಕಬಹುದು.